ಮಣ್ಣೂರಿನಲ್ಲಿ ಮಲಗಿದ ಬೈಕು

ನನ್ನ ಅಕ್ಕನ ಮನೆ ಮಣ್ಣೂರಿನಲ್ಲಿದೆ. ಅಫಜಲಪುರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಭೀಮಾ ನದಿಯ ದಂಡೆಯ ಮೇಲಿರುವ ಊರು ಅದು. ಕಲಬುರಗಿಯಿಂದ ಹೊರಟು, ಗಾಣಗಾಪುರಕ್ಕೆ ದಾರಿ ಒಡೆಯುವ ಚೌಡಾಪುರ ದಾಟಿ, ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಕರಜಗಿ ರಸ್ತೆ ಹಿಡಿಯಬೇಕು. ಎರಡೂ ಕಡೆ ತೊಗರಿ, ಹತ್ತಿ, ಕಬ್ಬಿನ ಹೊಲ. ಮುಗಿಯದ ಕರಿ ಮಣ್ಣು.

ಹೋದ ಜೂನಿನಲ್ಲಿ ನಾನು, ನನ್ನ ಮೊಮ್ಮಗ ಇಬ್ಬರೂ ಅವನ ಬೈಕಿನ ಮೇಲೆ ಹೋದೆವು. ಶನಿವಾರ ಹೋಗಿ ಸೋಮವಾರ ನಸುಕಿನಲ್ಲಿ ತಿರುಗಿ ಬರುವುದು ಎಂದು ಮಾತಾಗಿತ್ತು. ಸೋಮವಾರ ಹನ್ನೊಂದಕ್ಕೆ ಕಲಬುರಗಿಯಲ್ಲಿ ಅವನಿಗೆ ಪ್ರಾಕ್ಟಿಕಲ್ ಪರೀಕ್ಷೆ.

ಆ ಬೈಕಿನ ವರ್ಣನೆ ಸ್ವಲ್ಪ ಹೇಳಬೇಕು. ಮುಂದೆ ಎರಡು ಎಲ್ಇಡಿ ದೀಪ, ಜೋರು ಹಾರ್ನು, ಹ್ಯಾಂಡಲ್ ಮೇಲೆ ಫೋನ್ ಚಾರ್ಜರ್. ದೀಪ, ಹಾರ್ನು ಅವನ ಹೌಸು. ಚಾರ್ಜರ್ ಮಾತ್ರ ನನ್ನದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದಾಗ ಅಕ್ಕನ ಫೋನು ಎರಡು ದಿನ ಸತ್ತು ಮಲಗಿತ್ತು. ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಂದಿನಿಂದ ನನಗೆ ಚಾರ್ಜ್ ಇಲ್ಲದ ಫೋನ್ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೇ ಅಂಗಡಿಯವನಿಗೆ, "ಕೀಲಿ ತಗದ್ರೂ ಚಾರ್ಜ್ ಆಗಬೇಕು, ಹಂಗ ಹಚ್ಚಪ್ಪಾ" ಎಂದು ಹೇಳಿದ್ದೆ.

ಶನಿವಾರ ಸಂಜೆ ಗಾಳಿ ಮಳೆ ಬಂದು ಕರೆಂಟು ಹೋಯಿತು. ಕಂದೀಲಿನ ಬೆಳಕಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಕ್ಕ ತಮ್ಮ ಸೇರಿ ಸತ್ತವರನ್ನೆಲ್ಲ ನೆನೆಸಿಕೊಂಡು ನಕ್ಕೆವು. ಮಲಗುವ ಮುಂಚೆ ಪಡಸಾಲೆಗೆ ಹೋಗಿ ಬೈಕಿನ ಚಾರ್ಜರಿಗೆ ಫೋನು ಹಚ್ಚಿ ಬಂದೆ.

ರವಿವಾರ ನಡೆದುಕೊಂಡೇ ಊರು ನೋಡಿದೆವು. ಹೊಳೆಯ ದಂಡೆಯ ಯಲ್ಲಮ್ಮನ ಗುಡಿಗೆ ಹೋದೆವು. ಮಹಾಪೂರ ಬಂದಾಗ ಈ ಗುಡಿಯನ್ನು ನೀರು ಸುತ್ತಿಕೊಳ್ಳುತ್ತದೆ. ಮಧ್ವಾಚಾರ್ಯರ ಶಿಷ್ಯರಾದ ಮಾಧವತೀರ್ಥರ ವೃಂದಾವನವೂ ಇದೇ ಊರಿನಲ್ಲಿದೆ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, 861 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುವ ಹೊಳೆ ಇದು. ಆಚೆ ದಂಡೆ ವಿಜಯಪುರ ಜಿಲ್ಲೆ. ಮೊಮ್ಮಗ ನೀರಿಗೆ ಕಾಲು ಬಿಟ್ಟುಕೊಂಡು ತನ್ನ ಪರೀಕ್ಷೆಯ ಪಾಠವನ್ನು ನನಗೇ ಒಪ್ಪಿಸಿದ. ನನಗೆ ಒಂದೂ ತಿಳಿಯಲಿಲ್ಲ, ಆದರೂ ತಲೆ ಹಾಕಿದೆ.

ರಾತ್ರಿಯೂ ಕರೆಂಟಿಲ್ಲ. ಮತ್ತೆ ನನ್ನ ಫೋನು ಹಚ್ಚಿದೆ. ಅದರ ನಂತರ ಅಕ್ಕನ ಸಣ್ಣ ಫೋನನ್ನೂ ಹಚ್ಚಿದೆ.

ಸೋಮವಾರ ನಸುಕಿನಲ್ಲಿ ಮೊಮ್ಮಗ ಕೀಲಿ ತಿರುವಿದ. ಮೀಟರಿನ ದೀಪ ಮಿಣುಕಿತು. ಗುಂಡಿ ಒತ್ತಿದರೆ ಟಕ್ ಟಕ್ ಅಂದು ಸುಮ್ಮನಾಯಿತು. ಒದ್ದು ಚಾಲೂ ಮಾಡಲು ಆ ಬೈಕಿಗೆ ಕಿಕ್ಕೇ ಇಲ್ಲ. ಓಣಿಯ ಹುಡುಗರು ಬಂದು ದೂಡಿದರು. ಆಗಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಮದುವಿ ಮಂಟಪದಂಗ ಲೈಟ್ ಹಚ್ಚಿದ್ರ ಬ್ಯಾಟರಿ ಉಳೀತದೇನು? ನಿನ್ನ ಹೌಸಿಗೆ ಬೆಂಕಿ ಬೀಳ್ಲಿ" ಎಂದು ನಾಲ್ಕು ಜನರ ಮುಂದೆ ಬೈದೆ. ಅವನು ತಿರುಗಿ ಮಾತಾಡಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಮುಂಜಾನೆಯ ಬಸ್ಸು ಹತ್ತಿ ಹೋದ.

ಒಂಬತ್ತಕ್ಕೆ ಮೆಕ್ಯಾನಿಕ್ ಹುಡುಗ ಮೀಟರ್ ಹಿಡಿದು ಬಂದ. 12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿದ್ದರೆ ಸುಮಾರು 12.6 ತೋರಿಸಬೇಕು. ಇದು 11ರ ಮೇಲೆ ಏರಲೇ ಇಲ್ಲ. ನಾನು ದೀಪಗಳ ಕಡೆ ಬೆರಳು ಮಾಡಿದೆ. ಅವನು ವಯರುಗಳನ್ನು ಒಂದೊಂದೇ ತಡಕಿ ನೋಡಿ ನಕ್ಕ.

"ಲೈಟ್, ಹಾರ್ನ್ ಎರಡೂ ಕೀಲಿಗಿ ಜೋಡಿಸ್ಯಾರ್ರಿ ಮುತ್ಯಾ. ಕೀಲಿ ತಗದ್ರ ಅವು ಒಂದ್ ಹನಿನೂ ಕುಡ್ಯಂಗಿಲ್ಲ. ಈ ಚಾರ್ಜರ್ ಒಂದೇ ಸೀದಾ ಬ್ಯಾಟರಿಗಿ ಹೋಗ್ಯದ. ರಾತ್ರಿ ಯಾರರ ಫೋನ್ ಹಚ್ಚಿದ್ರೇನು?"

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದವನು. ಅಲ್ಲೇ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದೆ. ಮಕ್ಕಳೇ, ನೀವೂ ಹಾಕಿ ನೋಡಿ. ಬ್ಯಾಟರಿಯ ಮೇಲೆ 12 ವೋಲ್ಟ್, 4 ಆಂಪಿಯರ್-ಅವರ್ ಎಂದು ಬರೆದಿತ್ತು. ಗುಣಿಸಿದರೆ 48 ವ್ಯಾಟ್-ಅವರ್. ಅದು ಖಾತೆಯಲ್ಲಿದ್ದ ಒಟ್ಟು ಹಣ ಎಂದುಕೊಳ್ಳಿ. ನನ್ನ ಫೋನಿನ ಬ್ಯಾಟರಿ 5000 ಮಿಲಿಆಂಪಿಯರ್-ಅವರ್, ಅಂದರೆ ಸುಮಾರು 19 ವ್ಯಾಟ್-ಅವರ್. ದಾರಿಯಲ್ಲಿ ಶಾಖವಾಗಿ ಸೋರುವುದನ್ನು ಸೇರಿಸಿದರೆ, ಒಮ್ಮೆ ಪೂರ್ತಿ ತುಂಬಲು 22ರಷ್ಟು ಬೇಕು. ಒಂದೇ ಫೋನಿಗೆ ಹೆಚ್ಚುಕಮ್ಮಿ ಅರ್ಧ ಖಾತೆ ಖಾಲಿ! ನಾನು ಎರಡು ರಾತ್ರಿ ತೆಗೆದಿದ್ದೆ, ಜಮಾ ಮಾತ್ರ ಒಂದು ಪೈಸೆಯೂ ಇಲ್ಲ. ಎಂಜಿನ್ ಓಡಿದರೆ ತಾನೆ ಬ್ಯಾಟರಿಗೆ ಜಮಾ?

ಇನ್ನೊಂದು ಸಂಗತಿ. ಫೋನು ಹಚ್ಚದಿದ್ದರೂ ಆ ಚಾರ್ಜರಿನ ನೀಲಿ ದೀಪ ಹಗಲೂ ರಾತ್ರಿ ಉರಿಯುತ್ತಿತ್ತು. 20 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 480 ಆಯಿತು. ಒಂದು ವಾರ ಓಡಿಸದೆ ನಿಲ್ಲಿಸಿದರೆ 4000ದಲ್ಲಿ 3360 ಹೋಯಿತು. ಸದ್ದಿಲ್ಲದೆ ಖಾತೆಯಿಂದ ಕಡಿತವಾಗುವ ಶುಲ್ಕದ ಹಾಗೆ.

"ದೂಡಿದ್ರ ಯಾಕ ಚಾಲೂ ಆಗಲಿಲ್ಲ?" ಎಂದೆ. ಈಗಿನ ಬೈಕಿನಲ್ಲಿ ಪೆಟ್ರೋಲನ್ನು ಎಂಜಿನ್ನಿಗೆ ಕಳಿಸುವ ಪಂಪಿಗೂ, ಅದನ್ನು ಅಳೆಯುವ ಯಂತ್ರಕ್ಕೂ ವಿದ್ಯುತ್ತೇ ಬೇಕಂತೆ. ನಮ್ಮ ಕಾಲದ ಗಾಡಿ ಇಳಿಜಾರಿನಲ್ಲಿ ಉರುಳಿದರೆ ಸಾಕಿತ್ತು.

ಅವನು ಪಕ್ಕದ ಮನೆಯ ಟ್ರ್ಯಾಕ್ಟರಿನಿಂದ ವಯರ್ ಎಳೆದು ಜೋಡಿಸಿದ. ಅದೂ 12 ವೋಲ್ಟಿನದೇ. ಕೆಂಪಿಗೆ ಕೆಂಪು ಹಚ್ಚಿ, ಕಪ್ಪನ್ನು ಬೈಕಿನ ಕಬ್ಬಿಣಕ್ಕೆ ಹಚ್ಚಿದ. (ಮಕ್ಕಳೇ, ಇದು ತಿಳಿದವರ ಕೆಲಸ, ನೀವು ಕೈ ಹಾಕಬೇಡಿ.) ಬೈಕು ಒಂದೇ ಗುಂಡಿಗೆ ಎದ್ದಿತು. ಆಮೇಲೆ ಚಾರ್ಜರಿನ ವಯರನ್ನು ಕೀಲಿಯ ಕಡೆಗೆ ತಿರುಗಿಸಿ, ನಡುವೆ ಒಂದು ಫ್ಯೂಸ್ ಹಾಕಿಕೊಟ್ಟ.

ನನಗೆ ಮಾತ್ರ ಸಮಾಧಾನವಿಲ್ಲ. ಪರೀಕ್ಷೆಗೆ ಹೊರಟ ಹುಡುಗನನ್ನು ಬೈದು ಕಳಿಸಿದ್ದೆ, ಅದೂ ನನ್ನ ತಪ್ಪಿಗೆ. ಫೋನ್ ಮಾಡೋಣವೆಂದರೆ ಅವನು ಪರೀಕ್ಷೆಯ ಕೋಣೆಯಲ್ಲಿ. ಮಧ್ಯಾಹ್ನ ಎರಡರವರೆಗೆ ಅಕ್ಕನ ಪಡಸಾಲೆಯಲ್ಲಿ ಕಾಯ್ದೆ. ಅಕ್ಕ, "ಸಣ್ಣಾವ ಇದ್ದಾಗಿಂದ ಮೊದಲ ಬೈದು ಆಮ್ಯಾಲ ಲೆಕ್ಕ ಮಾಡ್ತಿ ನೀ" ಎಂದಳು.

"ತಪ್ಪು ನಂದೇ ಅದಪ್ಪಾ. ನಾನೇ ರಾತ್ರಿ ಫೋನ್ ಹಚ್ಚಿದ್ದೆ" ಎಂದೆ.

ಆ ಕಡೆ ಒಂದು ಗಳಿಗೆ ಮೌನ. "ಗೊತ್ತಿತ್ತು ಮುತ್ಯಾ. ಶನಿವಾರ ರಾತ್ರಿನೇ ನೋಡಿದ್ದೆ" ಎಂದ.

"ಮತ್ತ ಹೇಳಬಾರದೇನೋ?"

"ಅಜ್ಜಿ ಫೋನ್ ಬಂದ್ ಆದ್ರ ನೀ ನಿದ್ದಿ ಮಾಡಂಗಿಲ್ಲಲ್ಲ, ಅದಕ್ಕ ಸುಮ್ಮನಾದೆ. ಪರೀಕ್ಷಾ ಚಲೋ ಆಯ್ತು."

ಮರುದಿನ ಬಸ್ಸಿಗೆ ಬಂದು ಅವನೇ ಬೈಕು ಒಯ್ದ. ಕರಜಗಿ ದಾಟುವಾಗ ಕತ್ತಲಾಯಿತು. ಅವನ ಎರಡು ದೀಪ ರಸ್ತೆಯ ಗುಂಡಿಗಳನ್ನೆಲ್ಲ ತೋರಿಸುತ್ತಿದ್ದವು. ಹಿಂದೆ ಕುಳಿತ ನಾನು, "ಲೈಟ್ ಚಲೋ ಅವ" ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ, ಹಾರ್ನು ಮಾತ್ರ ಎರಡು ಸಲ ಹೊಡೆದ.