ಕಯಾಕ್‌ನಾಗೆ ಸರಿಯಾಗಿ ಕೂರೋದು

ನಮ್ಮಕ್ಕಂಗೆ ಐವತ್ತೆಂಟು ವರ್ಷ. ಸೊಂಟನೋವು ಅಂತ ಮದುವೆ ಮನೆಯಾಗೂ ನೆಲದ ಪಂಕ್ತಿಗೆ ಕೂರಲ್ಲ. ಅಂಥೋಳು ಉಡುಪಿ ಕಡೆ ಹೋದಾಗ, ಸಾಲಿಗ್ರಾಮದ ಹತ್ರ ಸೀತಾ ನದಿ ಹಿನ್ನೀರಿನಾಗೆ, ಕಾಂಡ್ಲಾ ಗಿಡಗಳ ನಡುವೆ ಮುಕ್ಕಾಲು ಗಂಟೆ ಕಯಾಕ್ ನಡೆಸಿದ್ಲು. "ಸೊಂಟ ಹೆಂಗೆ ತಡೀತೇ?" ಅಂತ ಎಲ್ರೂ ಕೇಳ್ತೀರಲ್ಲ, ಅದಕ್ಕೇ ಬರೀತಿದೀನಿ. ಕೂರೋದನ್ನ ಸರಿ ಮಾಡ್ಕಂಡೇ ನೀರಿಗೆ ಇಳಿದ್ವಿ, ಅಷ್ಟೇ.

ನಮ್ಮ ಸೀಮೆಯೋರಿಗೆ ದೊಡ್ಡ ನೀರು ಅಂದ್ರೆ ಮಾರಿಕಣಿವೆ. ಅದು 1933ರಾಗೆ ಕೋಡಿ ಬಿದ್ದಿದ್ದು, ಆಮೇಲೆ 2022ರಾಗೆ. ನಡುವೆ 89 ವರ್ಷ! ಗಂಡುಹುಡುಗ್ರು ತೋಟದ ಬಾವಿಗೆ ಧುಮುಕಿ ಈಜು ಕಲೀತಿದ್ರು, ನಾವು ಬಿಂದಿಗೆ ಹಿಡ್ಕಂಡು ದಡದಾಗೆ ನಿಂತಿರ್ತಿದ್ವಿ. ಹಂಗಾಗಿ ದೋಣಿ ಕಂಡ್ರೆ ಮೈ ಬಿಗಿಯುತ್ತೆ. ಅಕ್ಕಂಗೆ ಭಯಕ್ಕಿಂತ ನಾಚಿಕೆ ಜಾಸ್ತಿ. "ನಾನು ದಪ್ಪ ಕಣೇ, ಅದ್ರಾಗೆ ಹಿಡಿಸಲ್ಲ, ನೀನೇ ಹೋಗ್" ಅಂದ್ಲು.

ಆದ್ರೆ ಕಯಾಕ್ ಮೊದ್ಲಿಂದ ಅಳತೆ ಹಿಡಿದು ಮಾಡೋ ದೋಣಿ. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ಬೇಟೆಗೆ ಅಂತ ಮಾಡ್ಕಂಡಿದ್ದು. ನಡೆಸೋನ ತೋಳು, ಮುಷ್ಟಿ ಅಳತೆಗೆ ಚೌಕಟ್ಟು ಕಟ್ಟಿ, ಮೇಲೆ ಸೀಲ್ ಪ್ರಾಣಿ ಚರ್ಮ ಹೊದಿಸ್ತಿದ್ರು. ಆ ಚರ್ಮ ಹೊಲೀತಿದ್ದೋರು ಹೆಂಗಸರು. ಈಗ ನಮಗೆ ಬಾಡಿಗೆಗೆ ಸಿಗೋದು ಪ್ಲಾಸ್ಟಿಕ್ಕಿಂದು, ರೆಡಿಮೇಡ್. ರೆಡಿಮೇಡ್ ರವಿಕೆ ತಂದು ಪಕ್ಕದ ಹೊಲಿಗೆ ಬಿಚ್ಚೋದೋ ಹಿಡಿಯೋದೋ ಮಾಡ್ತೀವಲ್ಲ, ಇದನ್ನೂ ಹಂಗೇ ಮೈಗೆ ಹೊಂದಿಸ್ಕಬೇಕು.

ಮೊದ್ಲು ಕಾಲು ನೋಡ್ಕಳಿ. ಪಾದ ಊರಾಕೆ ಗುಳಿನೋ ಮೆಟ್ಟೋ ಇರುತ್ತೆ. ಪಾದ ಊರಿದಾಗ ಮಂಡಿ ಸ್ವಲ್ಪ ಮಡಿಚಿರ್ಬೇಕು. ಕಾಲು ಪೂರ್ತಿ ನೀಡಿದ್ರೆ ತೊಡೆ ಹಿಂದೆ ಸೆಳೆದು ಸೊಂಟಕ್ಕೆ ಬರುತ್ತೆ, ಜೋಮು ಹಿಡಿಯುತ್ತೆ. ಆಮೇಲೆ ಬೆನ್ನಿನ ಪಟ್ಟಿ. ಅದು ಆರಾಮ್ ಕುರ್ಚಿ ಅಲ್ಲ, ಒರಗಬಾರ್ದು. ಸೊಂಟದ ಕೆಳಭಾಗಕ್ಕೆ ಆಸರೆ ಕೊಟ್ರೆ ಸಾಕು. ಕುಂಡಿ ಹಿಂದಕ್ಕೆ ಸರಿಸಿ ನೆಟ್ಟಗೆ ಕುಂತು, ಪಟ್ಟಿ ಎಳೀರಿ. ಲೈಫ್ ಜಾಕೆಟ್ ಹಾಕಿದ್ಮೇಲೆ ಭುಜದ ಹತ್ರ ಮೇಲಕ್ಕೆ ಎತ್ತಿ ನೋಡಿ, ಗಲ್ಲ ದಾಟಿ ಬಂದ್ರೆ ಸಡಿಲ ಅಂತ ಅರ್ಥ. ಅಲ್ಲಿನ ಹುಡುಗಂಗೆ ಅಕ್ಕ ಮೂರು ಸಲ ಹೇಳಿದ್ಲು, "ಇನ್ನೊಂಚೂರು ಬಿಗಿ ಮಾಡಪ್ಪ". ಅವನೇನೂ ಬೇಜಾರು ಮಾಡ್ಕಳ್ಳಿಲ್ಲ. ಇದೆಲ್ಲಾ ದಡದಾಗೇ ಆಗ್ಬೇಕು, ನೀರಿನ ನಡುವೆ ಆಗೋದಲ್ಲ.

ಇನ್ನು ಅಲ್ಲಾಡೋದು. ದೋಣಿ ವಾಲಿದ ತಕ್ಷಣ ನಾವು ಅಂಚು ಹಿಡ್ಕಂಡು ಬಗ್ತೀವಿ, ಅದೇ ಕೆಡಿಸೋದು. ತಲೆ ಮೇಲೆ ಕೊಡ ಹೊತ್ತು ನಡೆದಿದ್ದು ನೆನಪು ಮಾಡ್ಕಳಿ. ಸೊಂಟ ಆಡ್ತಿತ್ತು, ತಲೆ ಅಲ್ಲಾಡ್ತಿರ್ಲಿಲ್ಲ. ಇಲ್ಲೂ ಅದೇ. ಸೊಂಟದ ಕೆಳಗೆ ದೋಣಿ ಆಡ್ಲಿ ಬಿಡಿ, ತಲೆ ಮಾತ್ರ ನಡುಮಧ್ಯೆ ಇರ್ಲಿ. ಅಕ್ಕಂಗೆ ಇದನ್ನ ಹೇಳಿದ್ದೇ ತಡ, ಮುಖ ಅರಳ್ತು. "ಹಂಗಾದ್ರೆ ನಂಗೆ ಬರುತ್ತೆ" ಅಂದ್ಲು. ಎರಡಾಳಿನ ದೋಣಿ. ತೂಕ ಇರೋರು ಹಿಂದೆ ಕೂತು ದಿಕ್ಕು ನೋಡ್ಕಳದು ವಾಡಿಕೆ. ಹಂಗಾಗಿ ಅವ್ಳೇ ಹಿಂದೆ ಕುಂತು ನನ್ನನ್ನ ನಡೆಸಿದ್ಲು! ಅವ್ಳು ನಾಚ್ಕಂಡಿದ್ದ ಆ ತೂಕವೇ ಕೆಲ್ಸಕ್ಕೆ ಬಂತು.

ನೀವೂ ಹೋಗೋರಿದ್ರೆ ಮನೆಯಾಗೇ ಪರೀಕ್ಷೆ ಮಾಡ್ಕಳಿ. ಮಡಿಚಿದ ಕಂಬಳಿ ಮೇಲೆ ಕುಂತು, ಗೋಡೆಗೆ ಪಾದ ಕೊಟ್ಟು, ಮಂಡಿ ಸ್ವಲ್ಪ ಎತ್ತಿ, ಒರಗದಂಗೆ ಹತ್ತು ನಿಮಿಷ ಇರಿ. ಸೊಂಟ ತಡೆದ್ರೆ ಹೊರಡಿ. ನೋವು ಬಂದ್ರೆ ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಚೂಡಿದಾರ ಹಾಕ್ಕಳಿ, ಸೀರೆ ಬೇಡ. ಈಜು ಬರದೋರು ಜಾಕೆಟ್ಟಿನ ಬಕಲ್ ಮಾತ್ರ ಯಾರು ಏನಂದ್ರೂ ಬಿಚ್ಚಬ್ಯಾಡಿ.