ತಡವಾಗಿ ಏಳುವ ದಾಸವಾಳ

ಕರ್ನಾಟಕದ ಶಾಲೆಗಳಲ್ಲಿ ವಿಜ್ಞಾನ ಕಲಿತವರಾರೂ ದಾಸವಾಳವನ್ನು ಮರೆಯುವಂತಿಲ್ಲ. ಹೂವಿನ ಭಾಗಗಳ ಪಾಠ ಬಂದಾಗ ಮೇಷ್ಟ್ರು ‘ನಾಳೆ ಎಲ್ಲರೂ ಒಂದೊಂದು ದಾಸವಾಳ ತನ್ನಿ’ ಎಂದುಬಿಡುತ್ತಾರೆ. ಮರುದಿನ ಬೆಳಿಗ್ಗೆ ಊರಿನ ಬೇಲಿಗಳೆಲ್ಲ ಬೋಳು. ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪುಷ್ಪಪತ್ರ ಐದು, ದಳ ಐದು, ನಡುವೆ ಕೇಸರಗಳ ಕೊಳವೆ, ಅದರೊಳಗಿಂದ ಹಾದುಬರುವ ಶಲಾಕೆಯ ತುದಿಯಲ್ಲಿ ಮತ್ತೆ ಐದು ಗುಂಡುತಲೆ ಎಂದು ಎಣಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಸಾಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರೊಬ್ಬರು 31 ವರ್ಷ ಹೀಗೆ ದಾಸವಾಳ ಸೀಳಿಸಿದರು. ನಿವೃತ್ತಿಯ ಮೇಲೆ 2022ರ ಜೂನ್‌ನಲ್ಲಿ ಹೆಂಡತಿಯೊಂದಿಗೆ ಅಮೆರಿಕದ ಓಹಾಯೊ ರಾಜ್ಯಕ್ಕೆ, ಕೊಲಂಬಸ್ ನಗರದ ಹೊರವಲಯದಲ್ಲಿರುವ ಮಗಳ ಮನೆಗೆ ಹೋದರು.

ಹೋದ ಮೂರನೆಯ ದಿನವೇ ಅಜ್ಜಿಯ ಆಕ್ಷೇಪಣೆ ಹೊರಟಿತು. ‘ಇಷ್ಟು ದೊಡ್ಡ ಅಂಗಳ. ಬರೀ ಹುಲ್ಲು. ದೇವರಿಗೆ ಒಂದು ಹೂವಿಲ್ಲವಲ್ಲೆ!’

ಮಗಳು ಪ್ರಯತ್ನ ಮಾಡಿರಲಿಲ್ಲ ಎಂದಲ್ಲ. ಅಂಗಡಿಯಿಂದ ಕೆಂಪು ದಾಸವಾಳದ ಕುಂಡ ತಂದಿದ್ದಳು. ಬೇಸಿಗೆಯಲ್ಲಿ ಹೊರಗಿಟ್ಟಾಗ ಅದು ಚೆನ್ನಾಗಿಯೇ ಹೂ ಕೊಟ್ಟಿತ್ತು. ಆದರೆ ಊರಿನ ಈ ದಾಸವಾಳ ಉಷ್ಣವಲಯದ ಗಿಡ. ತಾಪಮಾನ 10 ಡಿಗ್ರಿಗಿಂತ ಕೆಳಗಿಳಿದರೆ ಮುದುಡುತ್ತದೆ, ಹಿಮ ಬಿದ್ದರೆ ಸತ್ತೇಹೋಗುತ್ತದೆ. ಚಳಿಗಾಲಕ್ಕೆ ಮನೆಯೊಳಗೆ ತಂದಿಟ್ಟರೆ ಬಿಸಿಲು ಸಾಲದು, ಹೀಟರಿನ ಒಣಗಾಳಿ ಬೇರೆ. ಎಲೆ ಉದುರಿತು, ಬಿಳಿನೊಣ ಹತ್ತಿತು, ಸಂಕ್ರಾಂತಿಯ ಹೊತ್ತಿಗೆ ಕಡ್ಡಿ ಉಳಿಯಿತು. ಊರಿಂದ ಒಂದು ಗೆಲ್ಲು ತರೋಣವೆಂದರೆ, ನೆಡುವ ಗಿಡಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಅಮೆರಿಕದ ವಿಮಾನ ನಿಲ್ದಾಣ ದಾಟುವಂತಿಲ್ಲ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಕೋಲು ಚುಚ್ಚಿದರೆ ಬದುಕುವ ಗಿಡ, ಅಲ್ಲಿ ಪಾಸ್‌ಪೋರ್ಟ್ ಕೇಳುತ್ತದೆ.

ಜುಲೈ ಕೊನೆಯಲ್ಲಿ ಹಿಂಬದಿಯ ಮನೆಯ ಬೇಲಿಯ ಮೇಲೆ ಒಂದು ಹೂ ತಲೆಯೆತ್ತಿತು. ಊಟದ ತಟ್ಟೆಯಷ್ಟು ಅಗಲ, ಬಿಳಿ ದಳ, ನಡುವೆ ಕಡುಗೆಂಪು ಕಣ್ಣು. ಆ ಮನೆಯ ಅಮೆರಿಕನ್ ಅಜ್ಜಿ ಒಂದು ಹೂ ಕೊಯ್ದು ಬೇಲಿಯ ಮೇಲಿಂದ ಕೊಟ್ಟರು. ‘ಇದನ್ನು ಏರಿಸಿದರೆ ದೇವರ ಫೋಟೋನೇ ಕಾಣಿಸುವುದಿಲ್ಲ’ ಎಂದರು ಅಜ್ಜಿ. ಹದಿಮೂರು ವರ್ಷದ ಮೊಮ್ಮಗಳಿಗೆ ಬೇರೆ ಸಂಶಯ. ‘ಅಜ್ಜ, ಇದು ನಿಜವಾಗಿ ದಾಸವಾಳವಾ?’

ಮೇಷ್ಟ್ರು ಮಾತಿನಲ್ಲಿ ಉತ್ತರ ಕೊಡಲಿಲ್ಲ, ಬ್ಲೇಡು ತರಿಸಿದರು. ಅಡುಗೆಮನೆಯ ಮೇಜಿನ ಮೇಲೆ ಹೂ ಸೀಳಲಾಯಿತು. ಪುಷ್ಪಪಾತ್ರೆಯ ಹೊರಗೆ ಎಳೆಎಳೆಯಾದ ಇನ್ನೊಂದು ಹಸಿರು ಸುತ್ತು, ದಳ ಐದು, ಕೇಸರಗಳೆಲ್ಲ ಕೂಡಿ ಒಂದೇ ಕೊಳವೆ, ಶಲಾಕಾಗ್ರ ಐದು, ಅಂಡಾಶಯದೊಳಗೆ ಐದು ಕೋಣೆ. ಎಲ್ಲವೂ ಸಾಗರದ ಹೂವಿನಂತೆಯೇ. ‘ಊರು ಬೇರೆ, ಕುಲ ಒಂದೇ ಮಗೂ’ ಎಂದರು. ಬೆಂಡೆ, ಹತ್ತಿ, ಉತ್ತರ ಕರ್ನಾಟಕದವರ ಪುಂಡಿ ಸೊಪ್ಪು ಎಲ್ಲ ಇದರ ನೆಂಟರೇ ಎಂಬ ಪಾಠವೂ ಅಲ್ಲಿಯೇ ನಡೆಯಿತು.

ಅಲ್ಲಿಯವರು ಇದನ್ನು ಹಾರ್ಡಿ ಹೈಬಿಸ್ಕಸ್ ಅಥವಾ ರೋಸ್ ಮ್ಯಾಲೋ ಎನ್ನುತ್ತಾರೆ. ಮೂಲ ಜಾತಿ ಹೈಬಿಸ್ಕಸ್ ಮಾಸ್ಕ್ಯೂಟಸ್. ಊರಿನ ದಾಸವಾಳ ಹೈಬಿಸ್ಕಸ್ ರೋಸಾ-ಸೈನೆನ್ಸಿಸ್. ಎರಡಕ್ಕೂ ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್, 1753ರ ಒಂದೇ ಗ್ರಂಥದಲ್ಲಿ. ರೋಸ್ ಮ್ಯಾಲೋ ಅಮೆರಿಕದ ಪೂರ್ವಭಾಗದ ಜೌಗುನೆಲ, ಹೊಳೆದಂಡೆಗಳ ಸ್ವಂತ ಗಿಡ. ಓಹಾಯೊದ ಉತ್ತರಕ್ಕಿರುವ ಈರಿ ಸರೋವರದ ಜೌಗಿನಲ್ಲಿ ಈಗಲೂ ತಾನಾಗಿ ಬೆಳೆಯುತ್ತದೆ. ದಕ್ಷಿಣದ ಕೆಂಪು ಹೂವಿನ ಜಾತಿ ಮೊದಲಾದವನ್ನು ಇದರೊಂದಿಗೆ ಕೂಡಿಸಿ ತಳಿಗಾರರು ಹಲವು ಮಿಶ್ರತಳಿಗಳನ್ನು ಮಾಡಿದ್ದಾರೆ. ನೆಬ್ರಾಸ್ಕಾದ ಲಿಂಕನ್ ಊರಿನ ಫ್ಲೆಮಿಂಗ್ ಸಹೋದರರು ಕೊಟ್ಟ ‘ಕಾಪರ್ ಕಿಂಗ್’ ತಾಮ್ರದ ಬಣ್ಣದ ಎಲೆಗೆ ಹೆಸರಾಯಿತು. ಕೆಲವು ತಳಿಗಳ ಹೂ 30 ಸೆಂಟಿಮೀಟರ್ ಅಗಲ ಮುಟ್ಟುತ್ತದೆ. ಆದರೂ ಆಯುಷ್ಯ ಒಂದೇ ದಿನ; ಮರುದಿನಕ್ಕೆ ಇನ್ನೊಂದು ಮೊಗ್ಗು ಕಾದಿರುತ್ತದೆ.

ಚಳಿಯನ್ನು ಗೆಲ್ಲುವ ಇದರ ಉಪಾಯ ಸರಳ. ಚಳಿ ಬಂದಾಗ ಹೋರಾಡುವುದಿಲ್ಲ. ನೆಲದ ಮೇಲಿನದನ್ನೆಲ್ಲ ಬಿಟ್ಟುಕೊಟ್ಟು ಬೇರಿನೊಳಗೆ ಸೇರಿಕೊಳ್ಳುತ್ತದೆ. ಕಾಂಡ ಒಣಗಿ ಕಟ್ಟಿಗೆಯಾಗುತ್ತದೆ. ಮೈನಸ್ 25 ಡಿಗ್ರಿಯ ಚಳಿಯಲ್ಲೂ ಮಣ್ಣಿನಡಿಯ ಬುಡ ಜೀವ ಹಿಡಿದಿರುತ್ತದೆ.

ಆಗಸ್ಟ್ ಕೊನೆಯಲ್ಲಿ ನರ್ಸರಿಗಳಲ್ಲಿ ಬೆಲೆ ಇಳಿದಾಗ ಮಗಳು ಒಂದು ಗಿಡ ತಂದಳು. ಜಾಗ ಆರಿಸಿದವರು ಮೇಷ್ಟ್ರು. ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದ ಬಿಸಿಲು ಬೇಕು. ಜೌಗಿನ ಗಿಡವಾದ್ದರಿಂದ ನೀರೂ ಬೇಕು. ಒಣಗಿದರೆ ಎಲೆ ಹಳದಿಯಾಗಿ ಮೊಗ್ಗು ಉದುರುತ್ತದೆ. ಮಾಡಿನ ಮಳೆನೀರು ಕೊಳವೆಯಿಂದ ಇಳಿಯುವ ಮೂಲೆ ಸರಿಯಾಯಿತು. ಕಾಂಪೋಸ್ಟ್ ಬೆರೆಸಿ, ಕುಂಡದಲ್ಲಿದ್ದಷ್ಟೇ ಆಳಕ್ಕೆ ನೆಟ್ಟು, ಬುಡಕ್ಕೆ ಮರದ ಚಕ್ಕೆ ಹೊದಿಸಿದರು. ಹಿಮಕ್ಕೆ ಮುಂಚೆ ಆರು ವಾರ ಬೇರು ಊರಲು ಸಿಕ್ಕಿತು. ಅಕ್ಟೋಬರ್ ಮಧ್ಯದಲ್ಲಿ ಊರಿಗೆ ಹೊರಡುವಾಗ ಅಳಿಯನಿಗೆ ಹೇಳಿದ್ದು ಒಂದೇ ಮಾತು. ‘ಒಣಗಿದ ಕಡ್ಡಿಯನ್ನು ಈಗ ಕತ್ತರಿಸಬೇಡಿ. ಗಿಡ ಎಲ್ಲಿದೆ ಅಂತ ತಿಳಿಯುವುದಕ್ಕೆ ಅದೇ ಗುರುತು.’

ಆ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ಬಹುಭಾಗವನ್ನು ನಡುಗಿಸಿದ ಶೀತಗಾಳಿ ಓಹಾಯೊವನ್ನೂ ಬಿಡಲಿಲ್ಲ. ಕೊಲಂಬಸ್‌ನಲ್ಲಿ ತಾಪಮಾನ ಮೈನಸ್ 20ರ ಆಸುಪಾಸಿಗೆ ಇಳಿಯಿತು. 2023ರ ಏಪ್ರಿಲ್‌ನಲ್ಲಿ ನೆರೆಹೊರೆಯಲ್ಲೆಲ್ಲ ಡ್ಯಾಫೊಡಿಲ್, ಟ್ಯುಲಿಪ್ ಅರಳಿದವು. ಮೇ ಬಂತು, ಮರಗಳು ಹಸಿರಾದವು. ಮಾಡಿನ ಮೂಲೆಯಲ್ಲಿ ಮಾತ್ರ ನಾಲ್ಕು ಒಣಕಡ್ಡಿ. ಅಳಿಯ ಸಲಿಕೆ ಹೊರಗೆ ತೆಗೆದ. ಆ ಜಾಗಕ್ಕೆ ಟೊಮೆಟೊ ಹಾಕುವ ಯೋಚನೆ.

ಅದೇ ವಾರ ಮನೆಗೆ ಶಾಲೆಯ ಪತ್ರವೂ ಬಂದಿತ್ತು. ಮುಂದಿನ ವರ್ಷಕ್ಕೆ ಮೊಮ್ಮಗಳಿಗೆ ಮುಂದುವರಿದ ಗಣಿತದ ತರಗತಿ ಸಿಕ್ಕಿರಲಿಲ್ಲ. ಸಾಧಾರಣ ತರಗತಿಗೆ ಹಾಕಿದ್ದರು. ಅವಳ ಜೊತೆಯ ಕನ್ನಡದ ಮನೆಗಳ ಮಕ್ಕಳಿಬ್ಬರಿಗೆ ಸಿಕ್ಕಿತ್ತು. ವಾಟ್ಸ್ಆ್ಯಪಿನಲ್ಲಿ ಅಭಿನಂದನೆಗಳು ಓಡಾಡುತ್ತಿದ್ದವು. ಮನೆಯಲ್ಲಿ ಯಾರೂ ಬೈಯಲಿಲ್ಲ. ಆದರೆ ಊಟದ ಹೊತ್ತಿನ ಮೌನ ಬೈಗುಳಕ್ಕಿಂತ ಭಾರವಾಗಿತ್ತು. ಹುಡುಗಿ ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದಳು.

ಭಾನುವಾರದ ಫೋನಿನಲ್ಲಿ ಎರಡೂ ಸುದ್ದಿ ಸಾಗರಕ್ಕೆ ತಲುಪಿದವು. ಮೇಷ್ಟ್ರು ಮೊದಲು ಗಿಡದ ವಿಷಯ ಎತ್ತಿಕೊಂಡರು. ‘ಅದು ಗಾಳಿ ಬೆಚ್ಚಗಾದರೆ ಏಳುವ ಗಿಡವಲ್ಲ, ಮಣ್ಣು ಬೆಚ್ಚಗಾಗಬೇಕು. ಜೂನ್ ಮೊದಲ ವಾರದವರೆಗೆ ಸಲಿಕೆ ಒಳಗಿಡಿ’ ಎಂದರು. ಆಮೇಲೆ ಮೊಮ್ಮಗಳನ್ನು ಕರೆಸಿ ಒಂದು ಕೆಲಸ ಒಪ್ಪಿಸಿದರು. ದಿನಾ ಬೆಳಿಗ್ಗೆ ಶಾಲೆಯ ಬಸ್ಸಿಗೆ ಮುಂಚೆ, ಅಡುಗೆಮನೆಯ ಉಷ್ಣಮಾಪಕವನ್ನು ಗಿಡದ ಬಳಿ ಬೆರಳುದ್ದ ಮಣ್ಣಿಗಿಳಿಸಿ ಬರೆದಿಡುವುದು. ‘ಸತ್ತಿದೆಯೋ ಬದುಕಿದೆಯೋ ನೀನೇ ಹೇಳು. ಊಹೆ ಬೇಡ, ಲೆಕ್ಕ ಬೇಕು.’

ಮಗಳ ಹತ್ತಿರ ಬೇರೆ ಮಾತಾಡಿದರು. 31 ವರ್ಷದಲ್ಲಿ ಮೇಷ್ಟ್ರು ಎಲ್ಲ ತರಹದ ಮಕ್ಕಳನ್ನೂ ಕಂಡವರು. ಎಂಟನೆಯಲ್ಲೇ ಅರಳಿದವರು, ಹತ್ತರಲ್ಲಿ ಎದ್ದವರು, ಶಾಲೆ ಬಿಟ್ಟು ತೋಟಕ್ಕಿಳಿದ ಮೇಲೆ ಲೆಕ್ಕಾಚಾರದಲ್ಲಿ ಮೇಷ್ಟ್ರನ್ನೇ ಸೋಲಿಸಿದವರು. ಆದರೆ ‘ಸುಮ್ಮನೆ ಕಾಯಿ’ ಎಂದು ಅವರು ಹೇಳಲಿಲ್ಲ. ‘ಕಾಯುವುದು ಬೇರೆ, ಕೈಬಿಡುವುದು ಬೇರೆ’ ಎಂದರು. ಗಿಡ ಏಳದಿದ್ದರೆ ನೀರು ನಿಂತು ಬುಡ ಕೊಳೆತಿದೆಯೇ ಎಂದು ಮಣ್ಣು ಸರಿಸಿ ನೋಡಬೇಕು. ಹಾಗೆಯೇ ಮಗುವಿಗೆ ಹಲಗೆ ಕಾಣುತ್ತಿದೆಯೇ, ಭಿನ್ನರಾಶಿಯಲ್ಲೇ ಎಲ್ಲೋ ಎಳೆ ತಪ್ಪಿದೆಯೇ ಎಂದು ಪಕ್ಕದಲ್ಲಿ ಕುಳಿತು ನೋಡಬೇಕು. ಮಗಳು ಕುಳಿತಳು. ಎಳೆ ತಪ್ಪಿದ್ದು ಭಿನ್ನರಾಶಿಯಲ್ಲೇ ಎಂಬುದು ಎರಡು ಸಂಜೆಯಲ್ಲಿ ತಿಳಿಯಿತು. ಐದನೆಯ ತರಗತಿಯಲ್ಲಿ ಮನೆ ಬದಲಿಸಿ ಶಾಲೆ ಬದಲಾದಾಗ ಆ ಪಾಠ ಅರ್ಧಕ್ಕೇ ನಿಂತಿತ್ತು.

ಮೇ 24ರ ಬೆಳಿಗ್ಗೆ ಒಣಕಡ್ಡಿಯ ಬುಡದಲ್ಲಿ ಕೆಂಪುಮೂತಿಯ ಮೊಳಕೆಯೊಂದು ಚಕ್ಕೆ ಸರಿಸಿ ಇಣುಕಿತು. ವಾರದೊಳಗೆ ಏಳಾದವು. ಹಳೆಯ ಕಡ್ಡಿಗಳನ್ನು ಆಗ ನೆಲಮಟ್ಟಕ್ಕೆ ಕತ್ತರಿಸಿದರು. ಇನ್ನು ಉಷ್ಣಮಾಪಕದ ಜೊತೆಗೆ ಟೇಪೂ ಸೇರಿತು. ಜೂನ್ ಬಿಸಿಲಿಗೆ ಒಂದು ವಾರದಲ್ಲಿ 18 ಸೆಂಟಿಮೀಟರ್ ಏರಿದ್ದೂ ಪುಸ್ತಕದಲ್ಲಿದೆ. ಹುಡುಗಿ ಯಾರೂ ಹೇಳದೆ ಏಳು ಮೊಳಕೆಗಳ ಸರಾಸರಿ ತೆಗೆದು, ಮಣ್ಣಿನ ಶಾಖವನ್ನೂ ಎತ್ತರವನ್ನೂ ಒಂದೇ ನಕ್ಷೆಯಲ್ಲಿ ಎರಡು ಬಣ್ಣದ ಗೆರೆಯಾಗಿ ಎಳೆದಿದ್ದಳು. ಅಪ್ಪ ಅದನ್ನು ಬಹಳ ಹೊತ್ತು ನೋಡಿದ. ಸಲಿಕೆಯ ಮಾತು ಮತ್ತೆ ಬರಲಿಲ್ಲ. ಬೇರೆ ಮಕ್ಕಳ ಅಂಕಪಟ್ಟಿಯ ಮಾತೂ ಕಡಿಮೆಯಾಯಿತು.

ಗಿಡ ಎದ್ದ ಮೇಲೆ ಶತ್ರುಗಳೂ ಎದ್ದರು. 1916ರಲ್ಲಿ ನ್ಯೂ ಜೆರ್ಸಿಯಲ್ಲಿ ಮೊದಲು ಕಾಣಿಸಿಕೊಂಡ ಜಪಾನಿ ಜೀರುಂಡೆ ಈಗ ಅಲ್ಲಿನ ತೋಟಗಳಿಗೆಲ್ಲ ಪಿಡುಗು. ದಾಸವಾಳದ ಎಲೆಯೆಂದರೆ ಅದಕ್ಕೆ ಹಬ್ಬ. ಗರಗಸ ನೊಣದ ಹಸಿರು ಹುಳು ಎಲೆಯ ತಿರುಳು ತಿಂದು ಬಲೆಯಂತೆ ನರವನ್ನಷ್ಟೇ ಉಳಿಸುತ್ತದೆ. ಬೆಳಗಿನ ತಂಪಿನಲ್ಲಿ ಜಡವಾಗಿರುವ ಜೀರುಂಡೆಗಳನ್ನು ಸಾಬೂನು ನೀರಿನ ಡಬ್ಬಕ್ಕೆ ಕೆಡವುವುದು, ಎಲೆಯ ಅಡಿಭಾಗ ನೋಡಿ ಹುಳು ಆರಿಸುವುದು ಹುಡುಗಿಯ ಪಾಲಿಗೆ ಬಂತು. ವಿಷ ಹೊಡೆಯಲಿಲ್ಲ, ಅದಕ್ಕೆ ಕಾರಣವಿತ್ತು. ಅಮೆರಿಕದ ಪೂರ್ವಭಾಗದಲ್ಲಿ ಹೈಬಿಸ್ಕಸ್ ಹೂವಿನ ಪರಾಗವನ್ನೇ ನಂಬಿದ ಒಂದು ಒಂಟಿ ಜೇನಿದೆ. ಅದು ನೀರು ಹೊತ್ತು ತಂದು ಗಟ್ಟಿ ನೆಲ ಮೆತ್ತಗೆ ಮಾಡಿ ಗೂಡು ತೋಡುತ್ತದೆ. ಹಮ್ಮಿಂಗ್‌ಬರ್ಡ್ ಕೂಡ ಮಕರಂದಕ್ಕೆ ಬರುತ್ತದೆ. ಜೀರುಂಡೆಗೆ ಹೊಡೆದ ವಿಷ ಇವರನ್ನು ಬಿಡುವುದಿಲ್ಲ.

ಮೊದಲ ಹೂ ಆಗಸ್ಟ್ 2ಕ್ಕೆ ಅರಳಿತು. ಫೋಟೋ ನೋಡಿದ ಅಜ್ಜಿ ‘ದೇವರಿಗೆ ಏರಿಸಿದೆಯೇನೆ?’ ಎಂದು ಕೇಳಿದರು. ಪಟ ಮುಚ್ಚದಂತೆ ಮುಂದೆ ಒಂದು ಬಟ್ಟಲಲ್ಲಿಟ್ಟಿದ್ದಾಗಿ ಉತ್ತರ ಬಂತು.

ಹುಡುಗಿ ಆ ವರ್ಷ ಸಾಧಾರಣ ಗಣಿತದ ತರಗತಿಯಲ್ಲೇ ಕುಳಿತಳು. ಮೊದಲ ಸ್ಥಾನವೇನೂ ಬರಲಿಲ್ಲ. ಆದರೆ ಭಿನ್ನರಾಶಿ ಸರಿಹೋಯಿತು, ಕೋಣೆಯ ಬಾಗಿಲು ತೆರೆದಿರತೊಡಗಿತು. ಸೆಪ್ಟೆಂಬರ್‌ನಲ್ಲಿ ಒಣಗಿದ ಕಾಯಿಗಳಿಂದ ಬೀಜ ಬಿಡಿಸಿ ಲಕೋಟೆಗೆ ಹಾಕಿದಳು. ಸಿಪ್ಪೆ ಗಟ್ಟಿಯಾದ್ದರಿಂದ ಬಿತ್ತುವ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಸಬೇಕು ಎಂದು ಲಕೋಟೆಯ ಮೇಲೆ ಕನ್ನಡದಲ್ಲೇ ಬರೆದಿದ್ದಾಳೆ; ‘ಉಗುರುಬೆಚ್ಚಗೆ’ಯ ಒತ್ತಕ್ಷರ ಮಾತ್ರ ತಪ್ಪಿದೆ.

ಆ ನಕ್ಷೆಯ ಪ್ರತಿಯೊಂದು ಈಗ ಸಾಗರದಲ್ಲಿ ಮೇಷ್ಟ್ರ ಮನೆಯ ಗೋಡೆಯ ಮೇಲಿದೆ. ಸಂಜೆ ಪಾಠ ಹೇಳಿಸಿಕೊಳ್ಳಲು ಬರುವ ಮಕ್ಕಳು ಅದರ ಕತೆ ಕೇಳುತ್ತಾರೆ. ಒಮ್ಮೆ ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ. ‘ಹಾಗಾದರೆ ನಮ್ಮ ದಾಸಾಳ ಯಾವಾಗ ಮಲಗುತ್ತದೆ ಮೇಷ್ಟ್ರೇ?’ ವರ್ಷವಿಡೀ ಹೂ ಬಿಡುವ ಗಿಡ, ಮಲಗುವುದೆಲ್ಲಿ ಎನ್ನಬಹುದಿತ್ತು. ಮೇಷ್ಟ್ರು ಹಾಗೆನ್ನಲಿಲ್ಲ. ಕಪಾಟಿನಿಂದ ಒಂದು ಖಾಲಿ ನೋಟ್‌ಬುಕ್ ತೆಗೆದುಕೊಟ್ಟು, ‘ನಿಮ್ಮ ಬೇಲಿಯಲ್ಲಿ ದಿನಕ್ಕೆ ಎಷ್ಟು ಹೂ ಅಂತ ಎಣಿಸಿಕೊಂಡು ಬಾ’ ಎಂದರು. ಹುಡುಗ ಎಣಿಸುತ್ತಿದ್ದಾನೆ. ಜಡಿಮಳೆಯ ತಿಂಗಳ ಪುಟಗಳು ತುಂಬುವುದನ್ನು ಮೇಷ್ಟ್ರು ಕಾಯುತ್ತಿದ್ದಾರೆ.