ಸ್ವಾತಂತ್ರ್ಯದಿನವೂ ಬಾಲಬೋಧೆಯೂ

ಆಗಸ್ಟ್ 15ರಂದು ಧ್ವಜವಂದನೆಯಾಗಿ ಮಿಠಾಯಿಯು ಕೈಸೇರಿದೊಡನೆ ಬಾಲಕರಿಗೆ ಹಬ್ಬವೂ ಮುಗಿದಂತಾಗುವುದು. 1857, 1885, 1947 ಎಂದು ಇಸವಿಗಳನ್ನು ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಅವರಿಗೆ ಇತಿಹಾಸವು ತಿಳಿಯದು. ಅನ್ನವು ಬೆಂದಿತೇ ಎಂದರಿಯಲು ಒಂದಗುಳು ಸಾಕಲ್ಲವೆ? ಹಾಗೆಯೇ ಒಂದೂರಿನ ವೃತ್ತಾಂತವನ್ನು ಚೆನ್ನಾಗಿ ಹೇಳಿದರೆ ಸಾಕು.

ಶಿಕಾರಿಪುರ ತಾಲ್ಲೂಕಿನ ಈಸೂರನ್ನೇ ತೆಗೆದುಕೊಳ್ಳಬಹುದು. 1942ರಲ್ಲಿ ಅಲ್ಲಿಯ ಜನರು ತಮ್ಮ ಊರು ಸ್ವತಂತ್ರವೆಂದು ಸಾರಿ, ಬಾಲಕರಿಬ್ಬರನ್ನು ಅಮಲ್ದಾರನೆಂದೂ ಸಬ್ ಇನ್ಸ್‌ಪೆಕ್ಟರನೆಂದೂ ನಿಯಮಿಸಿದರು. ಇದನ್ನು ಕೇಳಿ ಮಕ್ಕಳ ಕಣ್ಣರಳುವುದು ಸಹಜ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ಉಪಾಧ್ಯಾಯಧರ್ಮವಲ್ಲ. ಮುಂದೆ ನಡೆದ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಹತರಾದರು. 1943ರಲ್ಲಿ ಊರಿನ ಐವರು ಗಲ್ಲಿಗೇರಿದರು. ಎರಡು ಕಡೆಯಲ್ಲಿಯೂ ಕಣ್ಣೀರು ಸುರಿದದ್ದು ಕನ್ನಡದ ಮನೆಗಳಲ್ಲಿಯೇ.

ಎಳೆಯರಿಗೆ ಇಷ್ಟು ಕಠೋರವೇಕೆಂದು ಆಕ್ಷೇಪಿಸುವವರುಂಟು. ಗಾಯಗಳ ವರ್ಣನೆಯು ಬೇಡವೇ ಬೇಡ. ನಡೆದುದನ್ನು ಮರೆಮಾಚುವುದೂ ಬೇಡ. "ಅವರು ಮಾಡಿದ್ದು ಸರಿಯೇ?" ಎಂದು ಮಗುವು ಕೇಳಿದರೆ, ಉಪಾಧ್ಯಾಯನು ಆತುರದಿಂದ ತೀರ್ಪು ಕೊಡದೆ, ಆ ಪ್ರಶ್ನೆಯನ್ನು ಮನೆಗೆ ಕೊಂಡೊಯ್ಯಗೊಡಲಿ. ಆ ರಾತ್ರಿ ಊಟದ ಹೊತ್ತಿನಲ್ಲಿ ಹಿರಿಯರೂ ಅದಕ್ಕೆ ಉತ್ತರವನ್ನು ಹುಡುಕಬೇಕಾದೀತು.